ಹೋಮ್ಲಿಯೂ ಹ್ಯಾಂಡ್‌ಸಮ್ಮೂ

ವಧುವಾದರೆ ‘ಹೋಮ್ಲಿ’, ವರನಾದರೆ ‘ಹ್ಯಾಂಡ್‌ಸಮ್’: ಗುಂಡ್ಲುಪೇಟೆಯ ಮನೆಗಳಲ್ಲಿಯೂ ಸಂಬಂಧ ಕುದುರಿಸುವವರಿಗೆ ಈ ಇಂಗ್ಲಿಷ್ ಪದಗಳೇ ಬೇಕು. ನಮ್ಮಲ್ಲಿ ‘ಹೋಮ್ಲಿ’ ಎಂದರೆ ಮನೆವಾರ್ತೆ ಬಲ್ಲವಳು. ಅಮೆರಿಕದಲ್ಲಿ ಅದೇ ಪದಕ್ಕೆ ಅಂದವಿಲ್ಲದವಳೆಂದು ಅರ್ಥ! ಅಲ್ಲಿಯ ವರನಿಗೆ ಹಾಗೆಂದು ಬರೆದರೆ ಹೊಗಳಿಕೆಯೇ ನಿಂದೆಯಾದೀತು. ಇನ್ನು ‘ಹ್ಯಾಂಡ್‌ಸಮ್’ ಪದದ ಮೂಲದಲ್ಲಿರುವುದು ಮುಖವಲ್ಲ, ಕೈ. ಕೈಗೆ ಒದಗುವಂಥದು ಎಂಬುದೇ ಅದರ ಹಳೆಯ ಅರ್ಥ.

ಆಷಾಢದಲ್ಲಿ ಅಗಲಿದ್ದ ನವದಂಪತಿಗಳು ಚಾಮರಾಜನಗರದ ಚಾಮರಾಜೇಶ್ವರನ ರಥೋತ್ಸವದಲ್ಲಿ ಕೂಡಿ, ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಆ ಜನಜಂಗುಳಿಯಲ್ಲಿ ಮಡದಿಯ ಕೈಬಿಡದೆ ನಡೆಸುವವನೇ ನಿಜವಾದ ‘ಹ್ಯಾಂಡ್‌ಸಮ್’. ಕನ್ನಡವಾದರೋ ಪತಿಯನ್ನು ‘ಕೈಹಿಡಿದವನು’ ಎಂದೇ ಕರೆದಿದೆ. ಮುಖದ ಮಾತನ್ನೇ ಎತ್ತಿಲ್ಲ.