ಕುಮ್ಮಟದುರ್ಗ ಆಟವಾಗಲಿ

‘ದಿ ವಿಚರ್ 3’ ಆಡುವವನಿಗೆ ರಾಕ್ಷಸರನ್ನು ಕೊಲ್ಲುವುದು ದೊಡ್ಡ ಮಾತಲ್ಲ. ಮನುಷ್ಯರ ನಡುವೆ ನ್ಯಾಯ ಹೇಳುವುದೇ ಕಷ್ಟ. ಯಾರ ಪರ ನಿಂತರೂ ಇನ್ಯಾರದೋ ಮನೆ ಹಾಳು. ಪೋಲೆಂಡಿನ ಕಂಪನಿಯೊಂದು 2015ರಲ್ಲಿ ಹೊರತಂದ ಈ ಗೇಮಿನ ಮೂಲ ಅದೇ ದೇಶದ ಆಂದ್ರೇ ಸಪ್ಕೋವ್‌ಸ್ಕಿಯ ಕತೆಗಳು. ಜೆಕ್ ದೇಶದವರು 2018ರಲ್ಲಿ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಮಾಡಿದಾಗ ಮಾಟಮಂತ್ರವನ್ನೂ ಬಿಟ್ಟರು. 1403ರ ತಮ್ಮ ಬೊಹೀಮಿಯಾದ ಕಮ್ಮಾರನ ಮಗನೇ ಅದರ ನಾಯಕ. ಅವನಿಗೆ ಓದು ಕೂಡ ಬಾರದು, ಆಟದ ನಡುವೆ ಕಲಿಯಬೇಕು.

ಗಂಗಾವತಿ, ಕೊಪ್ಪಳದ ಹುಡುಗರು ಇವನ್ನು ಧಾರಾಳವಾಗಿ ಆಡಲಿ. ಆದರೆ ಇದಕ್ಕಿಂತ ಕರಾಳವಾದ ಸರಕು ಗಂಗಾವತಿ ಸೀಮೆಯ ಕುಮ್ಮಟದುರ್ಗದಲ್ಲೇ ಇದೆ.

ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದ. ಸೋತು ಓಡಿ ಬಂದವನಿಗೆ ಕುಮ್ಮಟದುರ್ಗದ ದೊರೆ ಕಂಪಿಲರಾಯ ಆಶ್ರಯ ಕೊಟ್ಟ. 1327ರ ಹೊತ್ತಿಗೆ ಸುಲ್ತಾನನ ಸೇನೆ ಅವನ ರಾಜ್ಯವನ್ನೇ ಮುಗಿಸಿತು. ಕೊನೆಯ ಗಳಿಗೆಯಲ್ಲಿ ಕಂಪಿಲ ಮೊದಲು ಅತಿಥಿಯನ್ನು ಸುರಕ್ಷಿತವಾಗಿ ಸಾಗಹಾಕಿದ. ಆಮೇಲೆ ಬೆಂಕಿ ಹೊತ್ತಿಸಿದ. ಹೆಂಗಸರು ಅದಕ್ಕೆ ಹಾರಿದರು, ಗಂಡಸರು ಕತ್ತಿ ಹಿಡಿದು ಹೊರಬಿದ್ದರು. ಪ್ರವಾಸಿ ಇಬ್ನ್ ಬತೂತ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಸೆರೆಸಿಕ್ಕ ಕಂಪಿಲನ ಮಕ್ಕಳಲ್ಲಿ ಕೆಲವರ ಪರಿಚಯವೂ ಅವನಿಗಿತ್ತು. ಇತ್ತ ಗುರ್ಶಾಸ್ಪ್ ಹೊಯ್ಸಳ ಮೂರನೇ ಬಲ್ಲಾಳನ ಬಳಿ ಹೋದ. ಬಲ್ಲಾಳ ಅವನನ್ನು ಹಿಡಿದುಕೊಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ.

ಒಬ್ಬ ಅತಿಥಿ, ಇಬ್ಬರು ರಾಜರು, ಎರಡು ಉತ್ತರ. ಕಂಪಿಲ ಮಾತು ಉಳಿಸಿಕೊಂಡು ಊರು ಕಳೆದುಕೊಂಡ, ಬಲ್ಲಾಳ ಮಾತು ಬಿಟ್ಟು ಸಿಂಹಾಸನ ಉಳಿಸಿಕೊಂಡ. ಆಡುವವನ ಕೈಗೆ ಆ ತೀರ್ಮಾನ ಕೊಟ್ಟು ನೋಡಿ! ಹಿಂದೂ–ಮುಸ್ಲಿಂ ಎಂದು ಗೆರೆ ಎಳೆದು ಈ ಕತೆ ಹೇಳಲು ಹೊರಟವರು ಮೊದಲ ದೃಶ್ಯದಲ್ಲೇ ಎಡವುತ್ತಾರೆ.

ಕಂಪಿಲನ ಮಗ, ಜನಪದದ ಕುಮಾರರಾಮನದು ಇನ್ನೂ ಗಾಢವಾದ ಲೋಕ. ಚೆಂಡು ತರಲು ಹೋದ ರಾಜಕುಮಾರನಿಗೆ ಮಲತಾಯಿ ರತ್ನಾಜಿ ಮನಸೋಲುತ್ತಾಳೆ, ಅವನು ಒಪ್ಪದಿದ್ದಾಗ ದೂರು ಹೇಳುತ್ತಾಳೆ. ಅಪ್ಪ ಮಗನ ತಲೆ ಕಡಿಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ. ಆ ತಲೆ ಯಾರದು, ಅವನ ಮನೆಯವರ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯ ಗೇಮ್ ಕೇಳುತ್ತದೆ.

ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ 2006ರಲ್ಲಿ ತೆರೆಗೆ ಬಂದಿತ್ತು. ಸಿನಿಮಾಕ್ಕೆ ಕಳಂಕವಿಲ್ಲದ ವೀರ ಸಾಕು, ಇಂಥ ಆಟಕ್ಕೆ ಸಾಲದು.

ಹಿನ್ನೆಲೆಗೆ ಬರವೇ? ದೆವ್ವ ಬೇಕೆಂದರೆ ಹಿರೇಬೆಣಕಲ್ಲಿನ ನೂರಾರು ಶಿಲಾಸಮಾಧಿಗಳಿವೆ, ಜನ ಮೋರೇರ ಮನೆ ಎನ್ನುತ್ತಾರೆ. ಯಲಬುರ್ಗಾ ಸಿಂದರ ರಾಜಧಾನಿಯಾಗಿತ್ತು. ಇಟಗಿಯ ಮಹಾದೇವ ಗುಡಿ 1112ರದು, ಕಂಪಿಲನ ಕಾಲಕ್ಕಾಗಲೇ ಹಳೆಯದು. ಕುಷ್ಟಗಿಯ ಎರೆ ನೆಲ ಮಳೆಗೆ ಹಸಿಯಾದರೆ ಪೋಲೆಂಡಿನ ಕೆಸರನ್ನು ಎರವಲು ತರಬೇಕಿಲ್ಲ.

ಅಷ್ಟು ದುಡ್ಡು ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಮೊದಲೇ ದೊಡ್ಡದು ಮಾಡಬೇಕೆಂದಿಲ್ಲ. ಮಾತು, ಚಿತ್ರ, ಆಯ್ಕೆಗಳಷ್ಟೇ ಇರುವ ಸಣ್ಣ ಗೇಮನ್ನು ನಾಲ್ಕೈದು ಮಂದಿ ಕೂಡಿ ಮೊಬೈಲಿಗೆ ಮಾಡಬಹುದು, ಅದೂ ಕೊಪ್ಪಳ ಸೀಮೆಯ ಕನ್ನಡದಲ್ಲಿ. ಮಾಡುವವರಲ್ಲಿ ಒಂದೇ ವಿನಂತಿ: ಆಡುವವನಿಗೆ ಕುಮಾರರಾಮನ ಪಾತ್ರ ಬೇಡ, ಬೈಚಪ್ಪನ ಪಾತ್ರ ಕೊಡಿ.