ಚಿತ್ರದ ಮೋಹವೂ ಹಳಿಯ ಮರ್ಯಾದೆಯೂ

ಸಾಲಿಗ್ರಾಮದವರು ರೈಲು ಹತ್ತುವ ಕೃಷ್ಣರಾಜನಗರದಲ್ಲಿ ಉಗಿಬಂಡಿಯ ಕೂಗು ಅಡಗಿ ಬಹುಕಾಲವಾಯಿತು. ಮೀಟರ್‌ಗೇಜಿನ ಆ ಮಾರ್ಗವೇ ಈಗ ಅಗಲಹಳಿಯಾಗಿದೆ. ಹಳೆಯ ಯಂತ್ರಗಳನ್ನು ಕಾಣಬೇಕೆಂಬವರು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಅವು ನಿಂತಿವೆ, ದೂರದ ಊರಿಗೆ ಓಡವು. ಆದುದರಿಂದ ಎಲ್ಲಿಯಾದರೂ ಅಂತಹ ಯಂತ್ರವೊಂದು ಮುಖ್ಯಮಾರ್ಗದಲ್ಲಿ ಓಡಿದರೆ ಅದರ ಚಲಚ್ಚಿತ್ರವನ್ನು ತೆಗೆಯಬೇಕೆಂಬ ಆಸೆ ಸಹಜವೇ. ಅದನ್ನು ನಿಂದಿಸುವವರು ಅರಸಿಕರು.

ಆದರೆ ಹಳಿಯ ಮೇಲೆ ನಿಂತು ತೆಗೆಯುವ ಚಿತ್ರಕ್ಕೆ ರಸಿಕತೆಯೆಂಬ ಹೆಸರು ಸಲ್ಲದು. 2016ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಯಂತ್ರವು ಜೀರ್ಣೋದ್ಧಾರಗೊಂಡು ಲಂಡನ್ನಿನಿಂದ ಯಾರ್ಕಿಗೆ ಹೊರಟಾಗ, ನೋಡಬಂದವರು ಹಳಿಗೇ ನುಗ್ಗಿದ್ದರಿಂದ ದಾರಿಯಲ್ಲಿ ನಿಲ್ಲಬೇಕಾಯಿತು. 2024ರ ಜೂನಿನಲ್ಲಿ, ಮೆಕ್ಸಿಕೋ ದೇಶದಲ್ಲಿ, ಕೆನಡಾದಿಂದ ಬಂದ 2816ನೆಯ ಉಗಿಯಂತ್ರದ ಎದುರು ಚಿತ್ರಕ್ಕಾಗಿ ಹಳಿಯ ಬಳಿ ಕುಳಿತ ಸ್ತ್ರೀಯೊಬ್ಬಳು ಅದರ ಹೊಡೆತಕ್ಕೆ ಸಿಕ್ಕಿ ಮಡಿದಳು.

“ಒಂದು ನಿಮಿಷದಲ್ಲಿ ಏನು ಕೆಟ್ಟೀತು?” ಎಂಬವರುಂಟು. ಉದ್ದನೆಯ ಬಾಯ್ಲರಿನ ಹಿಂದಿರುವ ಚಾಲಕನಿಗೆ ಮುಂದಿನ ಹಳಿ ಪೂರ್ತಿ ಕಾಣದು. ಕಂಡರೂ ಬಂಡಿ ಒಮ್ಮೆಲೇ ನಿಲ್ಲದು. ಭಾರತದ 1989ರ ರೈಲ್ವೆ ಕಾಯಿದೆಯ 147ನೆಯ ಕಲಮು ಇಂತಹ ಅತಿಕ್ರಮಕ್ಕೆ ಆರು ತಿಂಗಳವರೆಗೆ ಸೆರೆಯನ್ನು ವಿಧಿಸಿರುವುದು ಸುಮ್ಮನೆ ಅಲ್ಲ. ಅಪಾಯವು ಹೆಚ್ಚುತ್ತ ಹೋದರೆ ಇಂತಹ ಓಟಕ್ಕೆ ಅನುಮತಿಯನ್ನು ಯಾರು ಕೊಟ್ಟಾರು? ಚಿತ್ರ ಉಳಿದು ಓಟವೇ ನಿಂತರೆ ಬಂದ ಲಾಭವೇನು? ಬೇಲಿಯ ಹೊರಗಣ ಗದ್ದೆಯ ಬದುವೇ ಸಾಕು. ಹೊಗೆಯೂ ಕೂಗೂ ಅಲ್ಲಿಗೆ ತಾವಾಗಿಯೇ ಬರುವುವು.