ಪಟ್ಟಿ ಕಳಿಸುವವರಲ್ಲಿ ಒಂದು ಪ್ರಶ್ನೆ

ಕಳೆದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಬಹಿಷ್ಕಾರದ ಪಟ್ಟಿ ಬಂತು. ಕೂತು ಎಣಿಸಿದೆ. 94 ಹೆಸರು. ಸಾಬೂನಿನಿಂದ ಹಿಡಿದು ಮಕ್ಕಳ ಡೈಪರಿನವರೆಗೆ ಎಲ್ಲ ಇತ್ತು. ಯಾವ ಕಂಪನಿ ಏನು ಮಾಡಿದೆ, ಏನು ಮಾಡಿದರೆ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಒಂದು ಸಾಲೂ ಇರಲಿಲ್ಲ. ಎರಡು ದಿನ ಬಿಟ್ಟು ಒಂದು ಮದುವೆಯಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ಕೋಲಾ ಕುಡಿದನೆಂದು ನಾಲ್ಕು ಜನ ಸೇರಿ ಅವನನ್ನು ಅಳಿಸಿದರು. ಹಾಗೆ ಅಳಿಸಿದವರಲ್ಲಿ ಒಬ್ಬರ ಕೈಯಲ್ಲಿದ್ದ ಫೋನಿನ ಕಂಪನಿಯೂ ಅದೇ ಪಟ್ಟಿಯಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಹಿಷ್ಕಾರಕ್ಕೆ ವಿರೋಧಿಯಲ್ಲ. ಮಸ್ಕತ್‌ನಲ್ಲಿ ನಾಲ್ಕು ವರ್ಷ ಎಸಿ, ಕೋಲ್ಡ್ ರೂಮ್ ರಿಪೇರಿ ಕೆಲಸ ಮಾಡಿದವನು. ಗಾಝಾದ ಚಿತ್ರಗಳನ್ನು ನೋಡಿದ ಮೇಲೆ ಕ್ಯಾರ್‌ಫೋರ್‌ಗೆ ಹೋಗುವುದನ್ನು ನಾನೂ ಬಿಟ್ಟಿದ್ದೆ. ಬಿಡುವುದಕ್ಕೆ ಕಾರಣ ಸ್ಪಷ್ಟವಿತ್ತು. ಈ ಫ್ರೆಂಚ್ ಕಂಪನಿ 2022ರ ಮಾರ್ಚ್‌ನಲ್ಲಿ ಇಸ್ರೇಲಿನ ಎಲೆಕ್ಟ್ರಾ ಗುಂಪಿನ ಜೊತೆ ಒಪ್ಪಂದ ಮಾಡಿಕೊಂಡಿತು, 2023ರ ಮೇ ತಿಂಗಳಲ್ಲಿ ಅಲ್ಲಿ ಅದರ ಹೆಸರಿನ ಅಂಗಡಿಗಳು ತೆರೆದವು. ಆ ಒಪ್ಪಂದ ಬಿಡಿ ಎಂಬುದು ಬೇಡಿಕೆ. ಒಂದು ಕಂಪನಿ, ಅದೇ ಮಾಡಿದ ಒಂದು ಕೆಲಸ, ಅದೇ ಸರಿಪಡಿಸಬಹುದಾದ ಕೆಲಸ.

ಗಲ್ಫ್‌ನಲ್ಲಿ ಆ ಅಂಗಡಿಗಳನ್ನು ನಡೆಸುತ್ತಿದ್ದದ್ದು ದುಬೈಯ ಮಾಜಿದ್ ಅಲ್ ಫುತೈಮ್ ಗುಂಪು, 1995ರಿಂದ. 2024ರ ನವೆಂಬರ್‌ನಲ್ಲಿ ಜೋರ್ಡಾನಿನಲ್ಲಿ ಕ್ಯಾರ್‌ಫೋರ್ ಬೋರ್ಡು ಇಳಿಯಿತು. 2025ರ ಜನವರಿಯಲ್ಲಿ ಒಮಾನಿನಲ್ಲಿ, ಸೆಪ್ಟೆಂಬರ್‌ನಲ್ಲಿ ಬಹ್ರೇನ್ ಮತ್ತು ಕುವೈತಿನಲ್ಲಿ. ಅದರ ಜಾಗಕ್ಕೆ ಹೈಪರ್‌ಮ್ಯಾಕ್ಸ್ ಎಂಬ ಹೊಸ ಹೆಸರು ಬಂತು. ಬಹಿಷ್ಕಾರದಿಂದ ಹೀಗಾಯಿತು ಎಂದು ಕಂಪನಿ ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಹೆಸರಿಗೆ ಬೆಲೆ ಇದ್ದಾಗ ಯಾವ ವ್ಯಾಪಾರಿಯೂ ತನ್ನ ಬೋರ್ಡು ತಾನೇ ಇಳಿಸುವುದಿಲ್ಲ, ಅಂಗಡಿಯವನ ಮಗನಿಗೆ ಇಷ್ಟು ಗೊತ್ತಾಗುತ್ತದೆ. ಈ ನಾಲ್ಕು ದೇಶಗಳಲ್ಲಿ ಬೋರ್ಡು ಇಳಿದಾಗಲೂ ಇಸ್ರೇಲಿನ ಒಪ್ಪಂದ ಹಾಗೆಯೇ ಇತ್ತು ಎಂಬುದನ್ನೂ ಮುಚ್ಚಿಡಬಾರದು. ಅರ್ಧ ಗೆಲುವು ಅನ್ನಿ.

ಇದು ಪುಕ್ಕಟೆಯಾಗಿ ಬಂದದ್ದೂ ಅಲ್ಲ. ಸ್ಟಾರ್‌ಬಕ್ಸ್ ಅಂಗಡಿಗಳನ್ನು ನಡೆಸುವ ಕುವೈತಿನ ಅಲ್‌ಶಾಯಾ ಗುಂಪು 2024ರ ಮಾರ್ಚ್‌ನಲ್ಲಿ 2,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಗಲ್ಫ್‌ನಲ್ಲಿ ಇಂಥ ಕೌಂಟರುಗಳ ಹಿಂದೆ ನಿಲ್ಲುವವರು ಯಾರೆಂದು ಕಾಸರಗೋಡಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಉಪ್ಪಳದಿಂದ ತಲಪಾಡಿಯವರೆಗೆ ಎಷ್ಟು ಮನೆಗಳ ಅಕ್ಕಿ ಅಲ್ಲಿಂದ ಬರುತ್ತದೆ! ಯಾರದೋ ಕೆಲಸ ಹೋಗಬಹುದು ಎಂದು ಗೊತ್ತಿದ್ದೂ ಮಾಡುವ ಕೆಲಸ ಇದು. ಅಂಥದ್ದನ್ನು ಫಾರ್ವರ್ಡ್ ಬಟನ್ ಒತ್ತಿ ಮರೆತುಬಿಡುವುದು ಹೇಗೆ?

ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಡಿಪ್ಲೊಮಾದ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಗೋಣಿ ಹೊಲಿಯುವ ದಬ್ಬಣದ ತುದಿ ಚೂಪಾಗಿರುವುದು ಅದಕ್ಕೇ. 94 ಹೆಸರಿನ ಪಟ್ಟಿ ಅಂಗೈಯಿಂದ ಗೋಣಿ ತೂತು ಮಾಡಲು ಹೊರಟ ಹಾಗೆ. ಪ್ಯಾಲೆಸ್ತೀನಿಯರ ಬಿಡಿಎಸ್ ಚಳವಳಿಯವರೇ ಉದ್ದ ಪಟ್ಟಿ ಬೇಡ, ಕೆಲವೇ ಕಂಪನಿಗಳನ್ನು ಆರಿಸಿ ಒತ್ತಿ ಎನ್ನುತ್ತಾ ಬಂದಿದ್ದಾರೆ. ನಾವು ಅವರಿಗಿಂತ ಜಾಣರೇ?

ಬೇಡಿಕೆ ಸ್ಪಷ್ಟವಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಕ್ಯಾರ್‌ಫೋರ್ ಬ್ರೆಜಿಲಿನಲ್ಲಿ ಕಂಡಿದೆ. 2024ರ ನವೆಂಬರ್‌ನಲ್ಲಿ ಅದರ ಮುಖ್ಯಸ್ಥರು, ದಕ್ಷಿಣ ಅಮೆರಿಕದ ಮರ್ಕೊಸುರ್ ದೇಶಗಳ ಮಾಂಸ ಮಾರುವುದಿಲ್ಲ ಎಂದು ಫ್ರಾನ್ಸಿನ ರೈತರಿಗೆ ಮಾತು ಕೊಟ್ಟರು. ಬ್ರೆಜಿಲಿನ ಮಾಂಸದ ಕಂಪನಿಗಳು ತಮ್ಮೂರಿನ ಕ್ಯಾರ್‌ಫೋರ್‌ಗೆ ಮಾಂಸ ಕೊಡುವುದನ್ನೇ ನಿಲ್ಲಿಸಿದವು. ವಾರದೊಳಗೆ ಕ್ಷಮೆಯ ಪತ್ರ ಬಂತು, ಮಾಂಸವೂ ಬಂತು. ಅಲ್ಲಿದ್ದದ್ದು ಲಾಭದ ಜಗಳ, ನ್ಯಾಯದ್ದಲ್ಲ. ಆದರೂ ಯಾರಿಗೆ ಏನು ಬೇಕು ಎಂಬುದು ಇಬ್ಬರಿಗೂ ತಿಳಿದಿತ್ತು.

ಈಗ ನಮ್ಮವರಿಗೆ ಕಹಿಯಾಗುವ ಮಾತು. 2020ರ ಅಕ್ಟೋಬರ್ ನೆನಪಿದೆಯೇ? ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಆಡಿದ ಮಾತಿಗೆ ಕುವೈತಿನ ಸಹಕಾರಿ ಅಂಗಡಿಗಳು ಫ್ರೆಂಚ್ ಸಾಮಾನುಗಳನ್ನೆಲ್ಲ ಕಪಾಟಿನಿಂದ ತೆಗೆದವು. ಕ್ಯಾರ್‌ಫೋರ್‌ಗೆ ಹೋಗಬೇಡಿ ಎಂಬ ಸಂದೇಶ ಆಗಲೂ ಹರಿದಾಡಿತು. ನಮಗೆ ನೋವಾದದ್ದು ನಿಜ. ಆದರೆ ಆ ಅಂಗಡಿಯವನು ಏನು ಮಾಡಬೇಕಿತ್ತು? ಅಧ್ಯಕ್ಷನ ಬಾಯಿ ಅವನ ಕೈಯಲ್ಲಿತ್ತೇ? 2008ರಲ್ಲಿ ಚೀನಾದವರೂ ಹೀಗೇ ಮಾಡಿದ್ದರು. ಪ್ಯಾರಿಸ್ಸಿನಲ್ಲಿ ಒಲಿಂಪಿಕ್ ಜ್ಯೋತಿಗೆ ಅಡ್ಡಿಯಾದ ಸಿಟ್ಟನ್ನು ಕ್ಯಾರ್‌ಫೋರ್ ಅಂಗಡಿಗಳ ಬಾಗಿಲಲ್ಲಿ ತೀರಿಸಿಕೊಂಡರು. ಕಂಪನಿಯ ದೊಡ್ಡ ಷೇರುದಾರ ದಲೈ ಲಾಮಾಗೆ ಹಣ ಕೊಟ್ಟಿದ್ದಾನೆ ಎಂಬ ಗಾಳಿಮಾತೂ ಸೇರಿಕೊಂಡಿತು. ಇಲ್ಲ ಎಂದು ಕಂಪನಿ ಹೇಳಿದರೂ ಕೇಳುವವರಿರಲಿಲ್ಲ. ಒಂದೇ ಕಂಪನಿ, ಒಂದೇ ಬೋರ್ಡು. 2022ರದ್ದು ಅದು ಮಾಡಿದ ಕೆಲಸಕ್ಕೆ, 2008 ಮತ್ತು 2020ರದ್ದು ಅದು ಹುಟ್ಟಿದ ದೇಶಕ್ಕೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವವರ ಜೊತೆ ನನ್ನ ಜಗಳ.

ಇಷ್ಟು ಕೂದಲು ಸೀಳುವುದು ಯಾಕೆಂದರೆ ಪಟ್ಟಿಯ ಇನ್ನೊಂದು ಬದಿಯೂ ನನಗೆ ಗೊತ್ತು. 'ಬ್ಯಾರ' ಅಂದರೆ ವ್ಯಾಪಾರ, ನಮ್ಮ ಜಾತಿಯ ಹೆಸರೇ ಅದರಿಂದ ಬಂತು ಎನ್ನುತ್ತಾರೆ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಪೂಜೆಯಲ್ಲಿ, ಆಮೇಲೆ ಮೂಲ್ಕಿಯ ಬಪ್ಪನಾಡು ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರುಗಳು ಎದ್ದವು. ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಕಟ್ಟಿಸಿದ ಗುಡಿ ಎಂಬ ಐತಿಹ್ಯ ಇರುವ ಊರದು!

ಗಡಿ ದಾಟಿ ಆ ಗಾಳಿ ನಮ್ಮಲ್ಲಿಗೂ ಬಂತು. ನನ್ನ ಉಪ್ಪನದು ಮಂಜೇಶ್ವರದ ಹತ್ತಿರ ಸಣ್ಣ ದಿನಸಿ ಅಂಗಡಿ. ಕುಚ್ಚಲಕ್ಕಿ, ಬೆಲ್ಲ, ಒಣಮೀನು, ಬೀಡಿ. ಮೂವತ್ತು ವರ್ಷದಿಂದ ಸಾಲದ ಪುಸ್ತಕದಲ್ಲಿ ಒಂದು ಪುಟ ಇಟ್ಟುಕೊಂಡಿದ್ದ ಗಿರಾಕಿಯೊಬ್ಬರು ಆ ವರ್ಷ ಬರುವುದನ್ನು ನಿಲ್ಲಿಸಿದರು. ಬಾಕಿ ಇದ್ದದ್ದು 640 ರೂಪಾಯಿ. ಮೊಮ್ಮಗನ ಕೈಯಲ್ಲಿ ಕಳಿಸಿಕೊಟ್ಟರು, ಚಿಲ್ಲರೆ ಸಮೇತ. ಜಗಳ ಇಲ್ಲ, ಮಾತಿಲ್ಲ. ಉಪ್ಪ ಎರಡು ದಿನ ತಕ್ಕಡಿ ಒರೆಸುತ್ತಾ ಕೂತರು. ತೂಕದಲ್ಲಿ ಎಲ್ಲಾದರೂ ತಪ್ಪಿದೆನೋ, ಅಕ್ಕಿಯಲ್ಲಿ ಹುಳ ಇತ್ತೋ ಎಂದು ಉಮ್ಮನ ಹತ್ತಿರ ಕೇಳುತ್ತಿದ್ದರು. ಹುಳ ಇದ್ದಿದ್ದರೆ ಚೀಲ ಬದಲಿಸಿ ಕೊಡುತ್ತಿದ್ದರು. ಹೆಸರು ಬದಲಿಸುವುದು ಎಲ್ಲಿಂದ?

ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಎರಡು ಕಡೆಯಲ್ಲೂ ಇದ್ದಾರೆ. 'ನೀವು ಕ್ಯಾರ್‌ಫೋರ್ ಬಿಟ್ಟಿರಿ, ನಾವು ನಿಮ್ಮನ್ನು ಬಿಟ್ಟೆವು, ಲೆಕ್ಕ ಸರಿಯಾಯಿತು' ಎಂದು ನನ್ನ ಜೊತೆ ಓದಿದವನೇ ಒಮ್ಮೆ ನಕ್ಕು ಹೇಳಿದ. ಲೆಕ್ಕ ಸರಿಯಾಗಲಿಲ್ಲ ಮಾರಾಯ. ಒಪ್ಪಂದ ಬಿಟ್ಟರೆ ಆ ಅಂಗಡಿಗೆ ನಾಳೆಯೇ ಹೋಗುತ್ತೇನೆ. ನನ್ನ ಉಪ್ಪ ಏನು ಬಿಟ್ಟರೆ ನೀನು ಬರುತ್ತೀ? ಅವನ ಹತ್ತಿರ ಉತ್ತರ ಇರಲಿಲ್ಲ. ಆದರೆ ನಮ್ಮ 94 ಹೆಸರಿನ ಪಟ್ಟಿಗೂ ಉತ್ತರ ಇಲ್ಲವಲ್ಲ, ಆಗ ಅವನ ಎದುರು ನಾನು ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ?

ಆದ್ದರಿಂದ ಮುಂದಿನ ಪಟ್ಟಿ ಬಂದಾಗ ನಾನು ಗ್ರೂಪಿನಲ್ಲೇ ಕೇಳುವವನಿದ್ದೇನೆ: ಇವರಲ್ಲಿ ಯಾರೊಬ್ಬರನ್ನು ಹಿಡಿಯೋಣ, ಅವರು ಏನು ಮಾಡಿದರೆ ಬಿಡೋಣ? ಗ್ರೂಪಿನ ಅಡ್ಮಿನ್ ನನ್ನ ಸ್ವಂತ ಮಾಮ, ಸಿಟ್ಟಿನ ಮನುಷ್ಯ. ತೆಗೆದುಹಾಕಿದರೆ ಹಾಕಲಿ. ಸಂಜೆ ಬೀಡಿಗೆ ನಮ್ಮ ಅಂಗಡಿಗೆ ಬಂದೇ ಬರುತ್ತಾರೆ, ಅಲ್ಲಿ ಕೇಳುತ್ತೇನೆ.